ಯುದ್ಧ ಮುಗಿದರೂ ಉಳಿದ ತೋಟ

ಎರಡನೆಯ ಮಹಾಯುದ್ಧ ಅಮೆರಿಕದ ಪಟ್ಟಣಿಗರ ಕೈಗೂ ಗುದ್ದಲಿಯನ್ನು ಕೊಟ್ಟಿತು. ಡಬ್ಬಿಯ ಆಹಾರಕ್ಕೆ ಪಡಿತರ ಬಂದಾಗ ಊರೂರಿನಲ್ಲಿಯೂ ‘ವಿಕ್ಟರಿ ಗಾರ್ಡನ್’ ಎಂಬ ಕಾಯಿಪಲ್ಲೆಯ ತೋಟಗಳು ಎದ್ದವು. ಬಾಸ್ಟನ್ನಿನ ಫೆನ್ವೇ ತೋಟ ಹುಟ್ಟಿದ್ದು 1942ರಲ್ಲಿ.

ಯುದ್ಧ ಮುಗಿದೊಡನೆ ಇಂತಹ ತೋಟಗಳು ಬಹುಮಟ್ಟಿಗೆ ಕಣ್ಮರೆಯಾದವು. ಫೆನ್ವೇ ನೆಲದ ಮೇಲೂ ಕಟ್ಟುವವರ ಕಣ್ಣು ಬಿದ್ದಿತು. ರಿಚರ್ಡ್ ಪಾರ್ಕರ್ ಮೊದಲಾದ ತೋಟಗಾರರು ಪಟ್ಟುಹಿಡಿದು ಅದನ್ನು ಉಳಿಸಿಕೊಂಡರು. ಇಂದು ಅಲ್ಲಿ ಸುಮಾರು 7 ಎಕರೆಗಳಲ್ಲಿ 500ಕ್ಕೂ ಹೆಚ್ಚು ತುಂಡು ತೋಟಗಳಿವೆ.

ಹಿಮ ಬೀಳುವ ಆ ನಾಡಿನಲ್ಲಿ ಬೇಸಗೆಯೇ ಬೆಳೆಯ ಕಾಲ. ಜೂನಿನಿಂದ ಆಗಸ್ಟಿನವರೆಗೆ ತೋಟಗಾರನಿಗೆ ಬಿಡುವಿಲ್ಲ. ಟೊಮೇಟೊ ಗಿಡಕ್ಕೆ ಊರುಗೋಲು ಕೊಡಬೇಕು. ನೀರನ್ನು ಬೆಳಗಿನ ತಂಪಿನಲ್ಲಿ ಬುಡಕ್ಕೆ ಮಾತ್ರ ಎರೆಯಬೇಕು. ಎಲೆ ತೊಯ್ದೇ ಇದ್ದರೆ ರೋಗ ತಗಲೀತು. ಒಣಹುಲ್ಲು ಹೊದಿಸಿದರೆ ಮಣ್ಣಿನ ತೇವ ಆರದು. ಹುರುಳಿಕಾಯಿಯನ್ನು ಎಳೆಯದಾಗಿರುವಾಗಲೇ ಕೊಯ್ಯಬೇಕು. ಕಾಯಿ ಗಿಡದಲ್ಲಿಯೇ ಬಲಿತರೆ ಹೊಸ ಹೂವು ಕಡಿಮೆಯಾಗುತ್ತದೆ.

ಸಮುದಾಯದ ತೋಟದಲ್ಲಿ ಸೋಮಾರಿತನವೂ ಹಂಚಿಕೆಯಾಗುತ್ತದೆ. ಒಬ್ಬನು ಕೀಳದೆ ಬಿಟ್ಟ ಕಳೆ ಬೀಜ ಬಿಟ್ಟರೆ, ಅದು ಮೊಳೆಯುವುದು ನೆರೆಯವನ ಪಾತಿಯಲ್ಲಿ. ನೆಲವನ್ನು ಉಳಿಸಿದ್ದು ಹೋರಾಟವಾದರೆ, ತೋಟವನ್ನು ಉಳಿಸುತ್ತಿರುವುದು ಬೇಸಗೆಯುದ್ದಕ್ಕೂ ನಡೆಯುವ ಈ ನಿತ್ಯದ ದುಡಿಮೆಯೇ.