ನಲವತ್ತು ಮಿಲಿಸೆಕೆಂಡಿನ ಗಡುವು

2025ರ ನವೆಂಬರ್ 28ರಂದು ಪ್ರಧಾನಿ ಮೊದಲು ಉಡುಪಿಯ ಕೃಷ್ಣಮಠದಲ್ಲಿದ್ದರು, ಮಧ್ಯಾಹ್ನದ ಮೇಲೆ ಗೋವಾದ ಕಾಣಕೋಣದ ಪರ್ತಗಾಳಿಯಲ್ಲಿ. ಗೋಕರ್ಣ ಪರ್ತಗಾಳಿ ಜೀವೋತ್ತಮ ಮಠಕ್ಕೆ 550 ವರ್ಷ ತುಂಬಿದ ಉತ್ಸವ; 77 ಅಡಿ ಎತ್ತರದ ಕಂಚಿನ ಶ್ರೀರಾಮನ ಅನಾವರಣ. ವಿಗ್ರಹದ ಎತ್ತರ ಕಣ್ಣಿಗೆ ಕಾಣುತ್ತದೆ. ಅದನ್ನು ನಮ್ಮ ಮನೆಗೆ ತರುವ ಚಿತ್ರದ ಗಾತ್ರ ಮಾತ್ರ ಲೆಕ್ಕ ಹಾಕಿದಾಗಷ್ಟೇ ತಿಳಿಯುತ್ತದೆ.

ಎಚ್‌ಡಿಯ ಒಂದು ಫ್ರೇಮಿನಲ್ಲಿ 20,73,600 ಚುಕ್ಕಿಗಳಿವೆ. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮು. ಚುಕ್ಕಿಗೆ 20 ಬಿಟ್ ಹಿಡಿದರೆ ಒಂದೇ ಕ್ಯಾಮೆರಾ ಸೆಕೆಂಡಿಗೆ 103 ಕೋಟಿಗೂ ಹೆಚ್ಚು ಬಿಟ್ ಸುರಿಯುತ್ತದೆ, ಗಂಟೆಗೆ 466 ಜಿಬಿ. ದಿನನಿತ್ಯದ ಟಿವಿ ಕೆಲಸಕ್ಕೆ ಇಷ್ಟನ್ನೂ ಇಟ್ಟುಕೊಳ್ಳುವುದಿಲ್ಲ. ಸೆಕೆಂಡಿಗೆ 50 ಮೆಗಾಬಿಟ್‌ಗೆ ಕುಗ್ಗಿಸುವುದು ಸಾಮಾನ್ಯ. ಆಗ ಗಂಟೆಗೆ 22.5 ಜಿಬಿ. ಇಂಥ ಉತ್ಸವದಲ್ಲಿ ಹತ್ತು ಕ್ಯಾಮೆರಾ ಆರು ಗಂಟೆ ಓಡಿದವು ಎಂದುಕೊಳ್ಳಿ: 1,350 ಜಿಬಿ. ಅಂಗಡಿಯಲ್ಲಿ ಸಿಗುವ 2 ಟಿಬಿ ಡಿಸ್ಕಿನಲ್ಲಿ ಹಿಡಿಸುತ್ತದೆ. ಇಟ್ಟುಕೊಳ್ಳುವುದು ಸುಲಭ. ಅದನ್ನು ಎಲ್ಲರ ಕೈಗೂ ಏಕಕಾಲಕ್ಕೆ ಕೊಡುವುದೇ ದೊಡ್ಡ ಕೆಲಸ.

1956ರಲ್ಲಿ ಆಂಪೆಕ್ಸ್ ಕಂಪನಿ ಎರಡಿಂಚು ಅಗಲದ ಟೇಪಿನ ಯಂತ್ರ ತಂದಂದಿನಿಂದ ಅರ್ಧ ಶತಮಾನ ಟಿವಿ ಬದುಕಿದ್ದು ಟೇಪಿನ ಮೇಲೆ. ಒಂದು ಟೇಪು ಒಂದು ಸಲಕ್ಕೆ ಒಬ್ಬರಿಗೆ. ಉಳಿದವರು ಕಾಯಬೇಕು, ಇಲ್ಲವೇ ಡಬ್, ಅಂದರೆ ಇನ್ನೊಂದು ಟೇಪಿಗೆ ಪ್ರತಿ, ಮಾಡಿಕೊಳ್ಳಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯ ಡಬ್ಬಿಂಗ್. 2011ರ ಮಾರ್ಚಿನಲ್ಲಿ ಜಪಾನಿನ ಸೆಂಡೈ ಬಳಿಯ ಸೋನಿ ಕಾರ್ಖಾನೆಗೆ ಸುನಾಮಿ ನುಗ್ಗಿ, ಎಚ್‌ಡಿಕ್ಯಾಮ್ ಎಸ್‌ಆರ್ ಟೇಪಿಗೆ ಲೋಕದಲ್ಲೆಲ್ಲ ಅಭಾವವಾಯಿತು. ಹಿಂದೆಮುಂದೆ ನೋಡುತ್ತಿದ್ದ ಎಷ್ಟೋ ಸ್ಟುಡಿಯೋಗಳು ಫೈಲಿಗೆ ಹೊರಳಿದ್ದು ಆಗಲೇ.

ಈಗ ಟೇಪಿನ ಜಾಗದಲ್ಲಿ ಸರ್ವರ್ ಕೋಣೆಯ ಸ್ಟೋರೇಜ್ ಇದೆ. ಅದಕ್ಕೆ 20 ಎಡಿಟರುಗಳು ಜೋಡಿಸಿಕೊಂಡಿದ್ದಾರೆ, ಒಬ್ಬೊಬ್ಬರ ಟೈಮ್‌ಲೈನಿನಲ್ಲಿ ಮೂರು ಲೇಯರ್ ಓಡುತ್ತಿವೆ ಎನ್ನಿ. ಒಟ್ಟು 60 ಧಾರೆ, ಸೆಕೆಂಡಿಗೆ 375 ಎಂಬಿ. ಪ್ರತಿ ಧಾರೆಗೂ 40 ಮಿಲಿಸೆಕೆಂಡಿಗೊಂದು ಫ್ರೇಮು ಬಂದು ತಲುಪಲೇಬೇಕು. ತಪ್ಪಿದರೆ ಪರದೆಯ ಮೇಲೆ ಚಿತ್ರ ಮುಗ್ಗರಿಸುತ್ತದೆ. ಈಗ ಡಿಸ್ಕಿನ ಒಳಗೆ ನೋಡಿ. ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗ ಗಂಟೆಗೆ 125 ಕಿಲೋಮೀಟರಿಗೂ ಹೆಚ್ಚು, ಕಾಣಕೋಣ ನಿಲ್ದಾಣ ದಾಟುವ ಎಕ್ಸ್‌ಪ್ರೆಸ್ ರೈಲಿಗೆ ಕಮ್ಮಿಯಿಲ್ಲ. ಅದರ ಮೇಲೆ ಓದುವ ಹೆಡ್ಡು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಇಷ್ಟೆಲ್ಲ ಇದ್ದರೂ, ಹೆಡ್ಡು ಹೊಸ ಜಾಗಕ್ಕೆ ಹೋಗಿ ಬೇಕಾದ ಬಿಟ್ ಅಡಿಗೆ ಬರುವವರೆಗೆ ಕಾಯಲು ಸುಮಾರು 12 ಮಿಲಿಸೆಕೆಂಡು ಬೇಕು. 40 ಮಿಲಿಸೆಕೆಂಡಿನಲ್ಲಿ ಮೂರು ಕಡೆ ಮಾತ್ರ ಹೋಗಬಲ್ಲದು. ಕೇಳುತ್ತಿರುವವರು 60!

ಆದ್ದರಿಂದ ಒಂದು ಫೈಲನ್ನು ಒಂದು ಡಿಸ್ಕಿನಲ್ಲಿ ಇಡುವುದೇ ಇಲ್ಲ. ತುಂಡು ಮಾಡಿ ಹತ್ತಾರು ಡಿಸ್ಕುಗಳಿಗೆ ಹರಡುತ್ತಾರೆ. ಎಡಿಟರ್ ಪ್ಲೇ ಒತ್ತಿದೊಡನೆ ಮುಂದೆ ಬೇಕಾಗುವ ಫ್ರೇಮುಗಳನ್ನು ಕೇಳುವ ಮೊದಲೇ ದೊಡ್ಡ ತುಂಡುಗಳಲ್ಲಿ ಓದಿ ಮೆಮೊರಿಯಲ್ಲಿ ಸಿದ್ಧವಾಗಿಡುತ್ತಾರೆ. ನನಗೆ ಎಲ್ಲಕ್ಕಿಂತ ಅದ್ಭುತವಾಗಿ ಕಾಣುವುದು ಇನ್ನೊಂದು: ರೆಕಾರ್ಡ್ ಆಗುತ್ತಲೇ ಇರುವ ಫೈಲನ್ನು ಕೆಲವು ಸೆಕೆಂಡು ಹಿಂದಿನಿಂದ ಎಡಿಟ್ ಮಾಡಬಹುದು. ಸಮಾರಂಭ ಮುಗಿಯುವ ಮೊದಲೇ ಅದರ ಸಾರಾಂಶ ಪ್ರಸಾರವಾಗುವುದು ಹೀಗೆ.

ಡಿಸ್ಕುಗಳು ಸಾಯುತ್ತವೆ. ರೇಡ್ 6 ಎಂಬ ಏರ್ಪಾಡಿನಲ್ಲಿ ಒಂದು ಗುಂಪಿನ ಎರಡು ಡಿಸ್ಕು ಒಟ್ಟಿಗೆ ಸತ್ತರೂ ಚಿತ್ರ ಉಳಿಯುತ್ತದೆ. ಆದರೆ 20 ಟಿಬಿಯ ಒಂದು ಡಿಸ್ಕನ್ನು ಸೆಕೆಂಡಿಗೆ 200 ಎಂಬಿಯಂತೆ ಮತ್ತೆ ತುಂಬಿಸಲು ಒಂದು ಲಕ್ಷ ಸೆಕೆಂಡು, ಅಂದರೆ 28 ಗಂಟೆ. ಅಷ್ಟು ಹೊತ್ತೂ ಎಡಿಟಿಂಗ್ ನಿಲ್ಲಬಾರದು.

ಇಂಥ ಸ್ಟೋರೇಜ್ ದುಬಾರಿ, ಬೇಗ ತುಂಬುತ್ತದೆ. ಕೆಲಸ ಮುಗಿದ ಚಿತ್ರ ಮತ್ತೆ ಹೋಗುವುದು ಟೇಪಿಗೇ! ಒಂಬತ್ತನೇ ತಲೆಮಾರಿನ ಎಲ್‌ಟಿಒ ಕಾರ್ಟ್ರಿಜ್ಜಿನಲ್ಲಿ ಅರ್ಧ ಇಂಚು ಅಗಲದ, 1,035 ಮೀಟರ್ ಉದ್ದದ ಟೇಪು. ಅಷ್ಟು ಅಗಲದಲ್ಲಿ 8,960 ಟ್ರ್ಯಾಕು. ಒಟ್ಟು 18 ಟಿಬಿ. ನಾವು ಲೆಕ್ಕ ಹಾಕಿದ ಉತ್ಸವದಂಥ ಹದಿಮೂರು ಉತ್ಸವಗಳು ಅಂಗೈಯಗಲದ ಒಂದು ಕಾರ್ಟ್ರಿಜ್ಜಿನಲ್ಲಿ ಹಿಡಿಸುತ್ತವೆ.

ಉಳಿಸಿಡಬೇಕಾದ್ದು ದೊಡ್ಡ ಉತ್ಸವಗಳನ್ನಷ್ಟೇ ಅಲ್ಲ. ಅದೇ ಕಾಣಕೋಣದ ಶ್ರೀಸ್ಥಳದ ಮಲ್ಲಿಕಾರ್ಜುನ ದೇವಸ್ಥಾನದಲ್ಲಿ ಮೂವರ ತಲೆಗಳನ್ನೇ ಒಲೆಯ ಗುಂಡುಗಳಾಗಿಸಿ ಅನ್ನ ಬೇಯಿಸುವ ಶಿಶಾರಾನ್ನಿ ಎಂಬ ಆಚರಣೆಯಿದೆ. ಅದು ಪ್ರತಿ ವರ್ಷ ನಡೆಯುವುದಲ್ಲ. ಅಂಥದ್ದನ್ನು ಚಿತ್ರೀಕರಿಸುವವರಿಗೆ ಹತ್ತು ಕ್ಯಾಮೆರಾ, ಸರ್ವರ್ ಕೋಣೆ ಬೇಕಿಲ್ಲ. ಒಂದೇ ಕ್ಯಾಮೆರಾದವರಾದರೂ ದಯವಿಟ್ಟು ಕಾರ್ಡು ಅಳಿಸುವ ಮೊದಲು ಮೂರು ಪ್ರತಿ ಮಾಡಿ, ಅವು ಒಂದೇ ಬಗೆಯ ಡಿಸ್ಕಿನಲ್ಲಿ ಇರದಂತೆ ನೋಡಿಕೊಳ್ಳಿ, ಒಂದನ್ನು ಬೇರೆ ಊರಿನಲ್ಲಿಡಿ.