ಕೆರೆಯ ತಳದಲ್ಲಿ ಕೂತ ರಂಜಕ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಯಿಂದ ಕೆರೆಗೆ ಇಳಿಯುತ್ತಾ ಹೆಸರಘಟ್ಟ ದಾಟಿ ತಿಪ್ಪಗೊಂಡನಹಳ್ಳಿ ಜಲಾಶಯದ ಕಡೆ ಸಾಗುತ್ತದೆ. ಈ ಸರಣಿಯ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಒಳಚರಂಡಿ ನೀರು, ಕಾರ್ಖಾನೆ ತ್ಯಾಜ್ಯ ಹರಿದು ಬರುವುದನ್ನು ವಿರೋಧಿಸಿ ಊರಿನವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಆ ಕೊಳಚೆ ನಾಳೆಯೇ ನಿಂತಿತು ಎನ್ನಿ. ಮುಂದಿನ ಮಳೆಗಾಲಕ್ಕೆ ಕೆರೆ ತಿಳಿಯಾದೀತೆ? ಅಷ್ಟು ಸುಲಭವಲ್ಲ. ಇಷ್ಟು ವರ್ಷ ಹರಿದು ಬಂದ ರಂಜಕ ತಳದ ಹೂಳಿನಲ್ಲಿ ಕೂತಿರುತ್ತದೆ.

ಪಾಚಿ ಬೆಳೆಯಲು ಇಂಗಾಲ, ಸಾರಜನಕ, ರಂಜಕ ಮೂರೂ ಬೇಕು. ಮೊದಲೆರಡು ಗಾಳಿಯಿಂದಲೂ ಸಿಗುತ್ತವೆ, ರಂಜಕ ಹಾಗೆ ಸಿಗುವುದಿಲ್ಲ. 1973ರಲ್ಲಿ ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಕೆರೆಯನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕ ಸೇರಿಸಿದರು. ರಂಜಕ ಬಿದ್ದ ಭಾಗವಷ್ಟೇ ಪಾಚಿಗಟ್ಟಿ ಹಸಿರಾಯಿತು. ಒಂದು ಕಿಲೊ ರಂಜಕ ಸುಮಾರು 100 ಕಿಲೊ ಒಣ ಪಾಚಿಯನ್ನು ಬೆಳೆಸಬಲ್ಲದು.

ಗಾಳಿಗೆ ಹಾರಿಹೋಗಲಾರದ ರಂಜಕ ಕೆರೆಗೆ ಬಂದರೆ ಕೋಡಿಯಲ್ಲಿ ಹರಿದುಹೋಗಬೇಕು, ಇಲ್ಲವೇ ತಳದಲ್ಲಿ ಕೂರಬೇಕು. ಒಂದು ಹೆಕ್ಟೇರ್ ವಿಸ್ತಾರದ, ಎರಡು ಮೀಟರ್ ಆಳದ ಕೆರೆಯಲ್ಲಿ ಎರಡು ಕೋಟಿ ಲೀಟರ್ ನೀರಿರುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ರಂಜಕವಿದ್ದರೆ ಪಾಚಿಗೆ ಧಾರಾಳವಾಯಿತು, ಆದರೂ ಒಟ್ಟು ಆಗುವುದು ಎರಡೇ ಕಿಲೊ. ಅದೇ ಕೆರೆಯ ಮೇಲಿನ ಹತ್ತು ಸೆಂಟಿಮೀಟರ್ ಹೂಳಿನಲ್ಲಿ 300 ಟನ್ ಒಣಮಣ್ಣು ಇದೆ, ಕಿಲೊಗೆ ಒಂದು ಗ್ರಾಂ ರಂಜಕ ಇದೆ ಎಂದುಕೊಂಡರೆ ಒಟ್ಟು 300 ಕಿಲೊ! ಇದರಲ್ಲಿ ನೂರಕ್ಕೆ ಒಂದು ಪಾಲು ಮೇಲೆದ್ದರೂ ನೀರಿನ ರಂಜಕ ದುಪ್ಪಟ್ಟು ಮೀರುತ್ತದೆ.

ಮೇಲೇಳುತ್ತದೆಯೇ ಎನ್ನುವುದು ರಂಜಕ ಯಾವ ರೂಪದಲ್ಲಿದೆ ಎಂಬುದಕ್ಕೆ ಬಿಟ್ಟದ್ದು. ಹೂಳಿನ ಕಣಗಳಿಗೆ ಸಡಿಲವಾಗಿ ಅಂಟಿದ ರಂಜಕ ಸ್ವಲ್ಪ ಕದಡಿದರೂ ನೀರಿಗೆ ಸೇರುತ್ತದೆ. ಸತ್ತ ಪಾಚಿ, ಜೊಂಡು, ಸಗಣಿಗಳಲ್ಲಿರುವ ಸಾವಯವ ರಂಜಕ ಅವು ಕೊಳೆತಂತೆಲ್ಲ ಬಿಡುಗಡೆಯಾಗುತ್ತದೆ. ಕ್ಯಾಲ್ಸಿಯಂ ಜೊತೆ ಖನಿಜವಾಗಿ ಗಟ್ಟಿಯಾದದ್ದು ಆಮ್ಲ ತಾಗದೆ ಅಲುಗುವುದಿಲ್ಲ, ಅದರಿಂದ ಕೆರೆಗೆ ಹೆಚ್ಚು ಅಪಾಯವಿಲ್ಲ.

ನಮ್ಮ ಸೀಮೆಗೆ ಮುಖ್ಯವಾದದ್ದು ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟ ರಂಜಕ. ಇಲ್ಲಿನ ಕೆಂಪುಮಣ್ಣಿಗೆ ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಹೊಲಕ್ಕೆ ಹಾಕಿದ ಡಿಎಪಿಯ ರಂಜಕದಲ್ಲಿ ಹೆಚ್ಚು ಪಾಲು ಬೆಳೆಗೆ ಸಿಗದೆ ಮಣ್ಣಿಗೇ ಅಂಟಿಕೊಳ್ಳುವುದಕ್ಕೂ ಇದೇ ಕಾರಣ. ಮಳೆಯಲ್ಲಿ ಕೊಚ್ಚಿ ಬಂದ ಈ ಮಣ್ಣು ಕೆರೆಯ ತಳದಲ್ಲೂ ರಂಜಕವನ್ನು ಹಿಡಿದಿಡುತ್ತದೆ, ಆದರೆ ಕಬ್ಬಿಣದ ಹಿಡಿತ ಆಮ್ಲಜನಕ ಇರುವವರೆಗೆ ಮಾತ್ರ. ಕೊಳಚೆ ಕೊಳೆಯುವಾಗ ತಳದ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಆಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಕಬ್ಬಿಣದ ಆಕ್ಸೈಡನ್ನೇ ಬಳಸುತ್ತವೆ, ಕಬ್ಬಿಣ ಕರಗುತ್ತದೆ, ಅದು ಹಿಡಿದಿದ್ದ ರಂಜಕ ನೀರಿಗೆ ಬರುತ್ತದೆ. ಇಂಗ್ಲೆಂಡಿನ ಕ್ಲಿಫರ್ಡ್ ಮಾರ್ಟಿಮರ್ 1941-42ರಲ್ಲೇ ಇದನ್ನು ವಿವರಿಸಿದ್ದರು. ಗಂಧಕ ಸೇರಿ ಕಬ್ಬಿಣದ ಸಲ್ಫೈಡ್ ಆದರೆ ಹೂಳು ಕಪ್ಪಾಗಿ ನಾರುತ್ತದೆ. ಆ ಕಬ್ಬಿಣಕ್ಕೆ ರಂಜಕವನ್ನು ಮತ್ತೆ ಹಿಡಿಯುವ ಶಕ್ತಿ ಉಳಿಯುವುದಿಲ್ಲ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರಿನ ಕ್ಷಾರತೆ ಏರಿದಾಗಲೂ ಕಬ್ಬಿಣ, ಅಲ್ಯುಮಿನಿಯಂ ಎರಡರಿಂದಲೂ ರಂಜಕ ಕಳಚಿಕೊಳ್ಳುತ್ತದೆ. ಹೀಗೆ ಪಾಚಿ ತನಗೆ ಬೇಕಾದ ಗೊಬ್ಬರವನ್ನು ತಾನೇ ತಳದಿಂದ ಎಬ್ಬಿಸಿಕೊಳ್ಳುತ್ತದೆ. ನಮ್ಮ ಕೆರೆಗಳು ಆಳವಿಲ್ಲದವು. ಬೇಸಿಗೆಯಲ್ಲಿ ನೀರು ಇಳಿದು ಕಾದಾಗ, ಜೋರು ಗಾಳಿ ಬೀಸಿದಾಗ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಸ್ವೀಡನ್ನಿನ ಟ್ರುಮ್ಮೆನ್ ಕೆರೆಗೆ ಹರಿಯುತ್ತಿದ್ದ ಕೊಳಚೆಯನ್ನು 1950ರ ದಶಕದ ಕೊನೆಯಲ್ಲೇ ಬೇರೆಡೆಗೆ ತಿರುಗಿಸಿದ್ದರು. ಹತ್ತು ವರ್ಷ ಕಳೆದರೂ ಕೆರೆ ಚೇತರಿಸಿಕೊಳ್ಳಲಿಲ್ಲ. 1970-71ರಲ್ಲಿ ರಂಜಕ ತುಂಬಿದ ಮೇಲಿನ ಹೂಳನ್ನು ತೆಗೆದ ಮೇಲೆಯೇ ನೀರಿನ ರಂಜಕ ಇಳಿದು ಪಾಚಿ ಕಡಿಮೆಯಾಯಿತು.

ಹೂಳಿನಲ್ಲಿರುವ ರಂಜಕದ ಈ ರೂಪಗಳನ್ನು ಬೇರ್ಪಡಿಸಿ ಅಳೆಯುವುದು ಕಷ್ಟವಲ್ಲ. ಒಂದೇ ಮಾದರಿ ಹೂಳನ್ನು ಮೊದಲು ಅಮೋನಿಯಂ ಕ್ಲೋರೈಡ್, ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್, ಕೊನೆಗೆ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕಲಕುತ್ತಾರೆ. ಕ್ರಮವಾಗಿ ಸಡಿಲ ರಂಜಕ, ಕಬ್ಬಿಣ-ಅಲ್ಯುಮಿನಿಯಂ ರಂಜಕ, ಕ್ಯಾಲ್ಸಿಯಂ ರಂಜಕ ಹೊರಬರುತ್ತವೆ; ಒಟ್ಟು ರಂಜಕದಲ್ಲಿ ಇವನ್ನು ಕಳೆದು ಉಳಿದದ್ದು ಬಹುತೇಕ ಸಾವಯವ. ಪ್ರತಿ ದ್ರಾವಣಕ್ಕೂ ಮಾಲಿಬ್ಡೇಟ್ ಸೇರಿಸಿದಾಗ ಮೂಡುವ ನೀಲಿಯ ಗಾಢತೆಯಿಂದ ಪ್ರಮಾಣ ತಿಳಿಯುತ್ತದೆ.

ಈ ಲೆಕ್ಕ ಈಗ ಬೇಕಾಗಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ದೊಡ್ಡಬಳ್ಳಾಪುರ ಇರುವ ಜಿಲ್ಲೆಯ ಕೆರೆಗಳಿಗೂ ಬರುತ್ತಿದೆ. ಸಾಮಾನ್ಯ ಎರಡು ಹಂತದ ಶುದ್ಧೀಕರಣ ಮುಖ್ಯವಾಗಿ ಕೊಳೆಯುವ ವಸ್ತುವನ್ನು ತೆಗೆಯುತ್ತದೆ. ರಂಜಕಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದರೆ ಅದರ ದೊಡ್ಡ ಪಾಲು ನೀರಿನಲ್ಲೇ ಉಳಿಯುತ್ತದೆ, ವರ್ಷ ವರ್ಷವೂ ಹೂಳಿಗೆ ಸೇರುತ್ತದೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಳಲ್ಲಿ ಗೋಡುಮಣ್ಣು ಹೊಡೆದು ಹೊಲಕ್ಕೆ ಹಾಕುತ್ತಿದ್ದ ಪದ್ಧತಿ ರಂಜಕವನ್ನು ಅದು ಬಂದ ಜಾಗಕ್ಕೇ ಮರಳಿಸುತ್ತಿತ್ತು. ರಾಗಿಗೆ ಗೊಬ್ಬರ ಸಿಗುತ್ತಿತ್ತು, ಕೆರೆಯ ಹೊರೆ ಇಳಿಯುತ್ತಿತ್ತು. ಈಗ ಹೂಳೆತ್ತಿ ಏರಿಯ ಪಕ್ಕದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಅದು ಕೆರೆಗೆ ವಾಪಸು. ಕಾರ್ಖಾನೆ ನೀರು ಸೇರಿದ ಕೆರೆಯ ಗೋಡನ್ನು ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಪರೀಕ್ಷೆಯಿಲ್ಲದೆ ಹೊಲಕ್ಕೆ ಹಾಕಲೂಬಾರದು. ಆದ್ದರಿಂದ ಯಾವುದೇ ಕೆರೆಯ ಹೂಳೆತ್ತುವ ಅಂದಾಜುಪಟ್ಟಿ ಮಂಜೂರಾಗುವ ಮೊದಲು ಗ್ರಾಮ ಪಂಚಾಯಿತಿಗಳು ಎರಡು ವರದಿ ಕೇಳಬೇಕು: ಹೂಳಿನಲ್ಲಿ ಯಾವ ರೂಪದ ರಂಜಕ ಎಷ್ಟು ಆಳದವರೆಗೆ ಇದೆ, ಭಾರಲೋಹ ಎಷ್ಟಿದೆ. ನೀರನ್ನಷ್ಟೇ ಪರೀಕ್ಷಿಸಿ ಕೆರೆಯ ಆರೋಗ್ಯ ಹೇಳಲು ಬರುವುದಿಲ್ಲ.