ರೆಟ್ ವ್ಯಾಧಿಯೂ ದೇಹದ ಕಾವಲುಪಡೆಯೂ

ಸೊರಬ ತಾಲ್ಲೂಕಿನವರಿಗೆ ರೋಗನಿರೋಧಕ ಶಕ್ತಿಯೆಂಬುದು ಕೇವಲ ಪುಸ್ತಕದ ಮಾತಲ್ಲ. 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಣ ಹಳ್ಳಿಗಳ ಜನರು ಜ್ವರದಿಂದ ನರಳಿದ ಮೇಲೆ, ಆ ಕಾಡಿನ ಹೆಸರನ್ನೇ ಹೊತ್ತ ರೋಗವೊಂದು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಮಂಗನ ಕಾಯಿಲೆಗೆ ಸೂಜಿ ಹಾಕಿಸಿಕೊಂಡವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಆ ಲಸಿಕೆಯಿಂದ ಸಾಕಷ್ಟು ಫಲ ದೊರೆಯುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದ್ದನ್ನೂ ಅವರು ಬಲ್ಲರು. ದೇಹದೊಳಗೆ ಒಂದು ಕಾವಲುಪಡೆ ಇದೆ, ಶತ್ರುವಿನ ಗುರುತನ್ನು ಮೊದಲೇ ತೋರಿಸಿಕೊಟ್ಟರೆ ಅದು ಎಚ್ಚರವಾಗಿರುತ್ತದೆ ಎಂಬಷ್ಟನ್ನು ಇಲ್ಲಿ ಓದುಬಾರದ ಅಜ್ಜಿಯೂ ಹೇಳಿಯಾಳು. ಆದರೆ ಈ ಪಡೆಯ ಒಂದು ತುಕಡಿ ಮಿದುಳಿನಲ್ಲಿಯೂ ಬೀಡುಬಿಟ್ಟಿದೆ, ಕೆಲವು ಹುಟ್ಟುವ್ಯಾಧಿಗಳಲ್ಲಿ ಅದರ ಪಾತ್ರವೇನೆಂದು ವಿಜ್ಞಾನಿಗಳು ವಾದಿಸುತ್ತಿದ್ದಾರೆ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ಬಿ.ಎ. ಓದುವವನಿಗೆ ಇದರ ಗೊಡವೆ ಏಕೆಂದು ಅಧ್ಯಾಪಕರು ಕೇಳಬಹುದು. ನಮ್ಮ ಕೇರಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ಒಂದೂವರೆ ವರ್ಷದವರೆಗೆ ಎಲ್ಲ ಮಕ್ಕಳಂತೆಯೇ ಇದ್ದು, ಒಂದೆರಡು ಮಾತುಗಳನ್ನು ತೊದಲುತ್ತಿದ್ದವಳು ಬರಬರುತ್ತ ಮಾತು ಬಿಟ್ಟಳು. ಹಿಡಿದ ರೊಟ್ಟಿಯ ಚೂರು ಕೈಯಲ್ಲಿ ನಿಲ್ಲದಾಯಿತು. ಈಗ ಎಚ್ಚರವಿರುವಷ್ಟು ಹೊತ್ತೂ ಒದ್ದೆ ಬಟ್ಟೆ ಹಿಂಡುವವಳಂತೆ ಕೈಗಳನ್ನು ಹಿಂಡುತ್ತಿರುತ್ತಾಳೆ. ಬೆಂಗಳೂರಿನಲ್ಲಿ ರಕ್ತಪರೀಕ್ಷೆಯಾದ ಮೇಲೆ ಇದು ರೆಟ್ ವ್ಯಾಧಿಯೆಂದು ಗೊತ್ತಾಯಿತು. ಕಾಗದ ಇಂಗ್ಲಿಷಿನಲ್ಲಿದ್ದುದರಿಂದ ಅವಳ ತಂದೆ ಅದನ್ನು ನನ್ನ ಬಳಿಗೆ ತಂದರು. ಕೇರಿಯಿಂದ ಶಿಕಾರಿಪುರದ ಬಸ್ಸು ಹತ್ತಿ ಕಾಲೇಜಿಗೆ ಬರುವವನು ನಾನೊಬ್ಬನೇ. ಆ ಮನೆಯಲ್ಲಿದ್ದ ಪ್ರಶ್ನೆಗಳು ಎರಡು. ಈ ದೋಷ ತಾಯಿಯ ಕಡೆಯಿಂದ ಬಂದದ್ದೆ? ಸೂಜಿ ಹಾಕಿಸಿದ ತಿಂಗಳಲ್ಲಿಯೇ ಮಾತು ನಿಂತುದರಿಂದ, ಸೂಜಿಯೇ ಕಾರಣವೆ? ಈ ಎರಡನೆಯ ಸಂಶಯದಿಂದಾಗಿ ಹುಡುಗಿಯ ಪುಟ್ಟ ತಮ್ಮನಿಗೆ ಇದುವರೆಗೂ ಒಂದು ಲಸಿಕೆಯನ್ನೂ ಹಾಕಿಸಿಲ್ಲ. ನಾನು ಓದತೊಡಗಿದ್ದು ಈ ಕಾರಣದಿಂದ.

ವಿಯೆನ್ನಾ ನಗರದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಎಂಬವರು 1954ರಲ್ಲಿ ತಮ್ಮ ಚಿಕಿತ್ಸಾಲಯದಲ್ಲಿ ಕಾದು ಕುಳಿತಿದ್ದ ಇಬ್ಬರು ಹುಡುಗಿಯರು ಒಂದೇ ರೀತಿಯಲ್ಲಿ ಕೈ ಹಿಂಡುತ್ತಿದ್ದುದನ್ನು ಕಂಡರು. 1966ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಬರೆದುದನ್ನು ಹೊರಗಿನವರು ಅಷ್ಟಾಗಿ ಗಮನಿಸಲಿಲ್ಲ. (ಭಾಷೆಯ ಗೋಡೆ ನಮ್ಮ ಕೇರಿಗೆ ಮಾತ್ರ ಸೀಮಿತವಲ್ಲ!) 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ವಿವರವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆಯೇ ವ್ಯಾಧಿಗೆ ಹೆಸರು ನೆಲೆಗೊಂಡಿತು. ಸುಮಾರು ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ.

ಮೂಲವು ಸಿಕ್ಕಿದ್ದು 1999ರಲ್ಲಿ, ಅಮೆರಿಕದ ಹುದಾ ಝೋಗ್ಬಿಯವರ ಪ್ರಯೋಗಾಲಯದಲ್ಲಿ. ಎಕ್ಸ್ ವರ್ಣತಂತುವಿನ ಮೇಲಿರುವ ಮೆಕ್‌ಪಿ-2 ಎಂಬ ಜೀನು ಕೆಟ್ಟಿರುತ್ತದೆ. ಬೇರೆ ಜೀನುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಬೇಕೆಂಬುದನ್ನು ಹತೋಟಿಯಲ್ಲಿಡುವುದು ಇದರ ಕೆಲಸ. ಹೆಣ್ಣಿಗೆ ಎಕ್ಸ್ ವರ್ಣತಂತುಗಳು ಎರಡು. ಪ್ರತಿಯೊಂದು ಜೀವಕೋಶವೂ ಅವುಗಳಲ್ಲಿ ಒಂದನ್ನು ಮಾತ್ರ ಬಳಸಿ ಇನ್ನೊಂದನ್ನು ಮುಚ್ಚಿಡುತ್ತದೆ. ಆದ್ದರಿಂದ ಈ ಹುಡುಗಿಯರ ಮಿದುಳು ಬೆರಕೆ ಬೀಜ ಬಿತ್ತಿದ ಗದ್ದೆಯಂತೆ: ಕೆಲವು ಕೋಶಗಳು ಸರಿಯಾಗಿವೆ, ಕೆಲವು ಸರಿಯಿಲ್ಲ. ಒಂದೇ ಎಕ್ಸ್ ಇರುವ ಗಂಡುಮಗುವಿನಲ್ಲಿ ಈ ದೋಷವಿದ್ದರೆ ಸಾಮಾನ್ಯವಾಗಿ ಪರಿಣಾಮ ಇನ್ನೂ ಘೋರ.

ಮೊದಲನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಈ ದೋಷವು ವಂಶದಲ್ಲಿ ಹರಿದುಬರುವುದು ತೀರ ಅಪರೂಪ. ಬಹುತೇಕ ಸಂದರ್ಭಗಳಲ್ಲಿ ಅದು ಹೊಸದಾಗಿ, ಅದೂ ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ, ಆಕಸ್ಮಿಕವಾಗಿ ಉಂಟಾದ ಬದಲಾವಣೆ. ಯಾರ ನಡತೆಯೂ ಊಟವೂ ಅದಕ್ಕೆ ಕಾರಣವಲ್ಲ. ನಮ್ಮ ಕಡೆ ಇಂಥದಕ್ಕೆಲ್ಲ ಸೋದರಸಂಬಂಧದ ಮದುವೆಯನ್ನು ದೂರುವುದುಂಟು. ಬೇರೆ ಕೆಲವು ವ್ಯಾಧಿಗಳಿಗೆ ಆ ಮಾತು ನಿಜವಾದರೂ ಇದಕ್ಕೆ ಹೊಂದುವುದಿಲ್ಲ. ಎರಡನೆಯ ಪ್ರಶ್ನೆಗೂ ಇದೇ ಉತ್ತರ: ಮಗು ಹುಟ್ಟುವ ಮೊದಲೇ, ಯಾವ ಸೂಜಿಯೂ ಮುಟ್ಟುವ ಮೊದಲೇ, ದೋಷ ಒಳಗಿತ್ತು. ಅದು ಹೊರಗೆ ಕಾಣಿಸಿಕೊಳ್ಳುವುದು ಆರರಿಂದ ಹದಿನೆಂಟು ತಿಂಗಳ ನಡುವೆ. ದಡಾರದ ಲಸಿಕೆ ಒಂಬತ್ತು ತಿಂಗಳಿಗೆ ಮೊದಲಾಗುತ್ತದೆ, ಮುಂದಿನವು ಹದಿನಾರು ತಿಂಗಳ ಮೇಲೆ. ಎರಡೂ ಒಂದೇ ಕಾಲದಲ್ಲಿ ಬರುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ತೋರುತ್ತದೆ, ಅಷ್ಟೆ.

ಹಾಗಾದರೆ ಕಾವಲುಪಡೆಗೆ ಇಲ್ಲಿ ಏನು ಕೆಲಸ? ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಪುಟ್ಟ ಕೋಶಗಳಿವೆ. ಇವು ನರಕೋಶಗಳ ಬಳಗದವಲ್ಲ, ರಕ್ಷಣಾಪಡೆಯ ಬಳಗದವು. ಭ್ರೂಣಾವಸ್ಥೆಯಲ್ಲಿಯೇ ಬಂದು ನೆಲೆಸಿದವು. ಸತ್ತ ಕೋಶಗಳ ಕಸವನ್ನು ನುಂಗುವುದಲ್ಲದೆ, ಬೆಳೆಯುವ ಮಿದುಳಿನಲ್ಲಿ ಹೆಚ್ಚಾಗಿ ಹುಟ್ಟಿದ ನರಸಂಧಿಗಳನ್ನು ಕಿತ್ತುಹಾಕುವುದೂ ಇವುಗಳ ಕೆಲಸ, ಗದ್ದೆಯಲ್ಲಿ ಕಳೆ ತೆಗೆದಂತೆ. ಮೆಕ್‌ಪಿ-2 ಜೀನು ಈ ಕೋಶಗಳಲ್ಲಿಯೂ ಇರುವುದರಿಂದ, ಅವು ಕೆಟ್ಟರೆ ಕಸ ಉಳಿಯಬಹುದು, ಇಲ್ಲವೆ ಕಳೆಯೊಂದಿಗೆ ಸಸಿಯೂ ಹೋಗಬಹುದು ಎಂಬ ಊಹೆ ಹುಟ್ಟಿತು.

2012ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೊನಾಥನ್ ಕಿಪ್ನಿಸ್‌ರ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಚ್ಚರಿಯ ಫಲಿತಾಂಶವನ್ನು ಪ್ರಕಟಿಸಿತು. ಮೆಕ್‌ಪಿ-2 ಇಲ್ಲದ ಇಲಿಗಳ ಅಸ್ಥಿಮಜ್ಜೆಯನ್ನು ವಿಕಿರಣದಿಂದ ಬರಿದುಮಾಡಿ, ಆರೋಗ್ಯವಂತ ಇಲಿಗಳ ಮಜ್ಜೆಯನ್ನು ಸೇರಿಸಿದಾಗ ಅವು ಹೆಚ್ಚು ಕಾಲ ಬದುಕಿದವು, ಉಸಿರಾಟ ಸುಧಾರಿಸಿತು. ತಲೆಗೆ ವಿಕಿರಣ ತಾಗದಂತೆ ಮರೆಮಾಡಿದಾಗ ಫಲ ಕಾಣಲಿಲ್ಲವಾದ್ದರಿಂದ, ಹೊಸ ಕೋಶಗಳು ಮಿದುಳನ್ನು ಹೊಕ್ಕುದೇ ಗುಣಕ್ಕೆ ಕಾರಣವೆಂದು ಅವರು ವಾದಿಸಿದರು. ಮಜ್ಜೆಯ ಬದಲಾವಣೆ ಆಸ್ಪತ್ರೆಗಳಲ್ಲಿ ಆಗಲೇ ನಡೆಯುತ್ತಿದ್ದ ಚಿಕಿತ್ಸೆ. ಇದನ್ನು ಓದಿದ ತಂದೆತಾಯಿಯರ ಮನಸ್ಸಿನಲ್ಲಿ ಎಂಥ ಆಸೆ ಮೂಡಿರಬಹುದೆಂದು ಹೇಳಬೇಕಾಗಿಲ್ಲ.

ಆದರೆ 2015ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ಪ್ರಯೋಗಾಲಯಗಳವರು ಉತ್ತರವಿತ್ತರು. ಅದೇ ಪ್ರಯೋಗವನ್ನು ಮತ್ತೆ ಮಾಡಿದರೂ ಇಲಿಗಳು ಸುಧಾರಿಸಲಿಲ್ಲ. ಮೈಕ್ರೋಗ್ಲಿಯಾದಲ್ಲಿ ಮಾತ್ರ ಜೀನನ್ನು ಸರಿಪಡಿಸಿದರೂ ಗುಣ ಕಾಣಲಿಲ್ಲ. 2016ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ವ್ಯಾಧಿ ಬಲಿತ ಮೇಲೆ ಮೈಕ್ರೋಗ್ಲಿಯಾಗಳು ನರಸಂಧಿಗಳನ್ನು ಅತಿಯಾಗಿ ನುಂಗುವುದು ನಿಜ, ಆದರೆ ಅದಕ್ಕೆ ಅವುಗಳದೇ ಜೀನಿನ ದೋಷ ಕಾರಣವಲ್ಲ; ಮೊದಲು ಕೆಟ್ಟದ್ದು ಸುತ್ತಲಿನ ಮಿದುಳು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಮಾತೇ: ಕಾವಲುಪಡೆ ಬೆಂಕಿ ಹಚ್ಚಿದ್ದಲ್ಲ, ಹೊತ್ತಿದ ಮನೆಯಲ್ಲಿ ಗಾಬರಿಯಿಂದ ಸಾಮಾನು ಒಡೆದದ್ದು. ಪತ್ರಿಕೆಗಳಲ್ಲಿ ‘ರೆಟ್ ವ್ಯಾಧಿಗೂ ರೋಗನಿರೋಧಕ ಶಕ್ತಿಗೂ ನಂಟು’ ಎಂದು ಓದಿ, ಹಾಗಾದರೆ ಸೂಜಿಯೇ ಕಾರಣವೆಂದು ಹಿಗ್ಗಿಸಿ ಹೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಆಸೆಗೆ ಗಟ್ಟಿಯಾದ ಆಧಾರ ಬೇರೆ ಕಡೆ ಇದೆ. 2007ರಲ್ಲಿ ಎಡಿನ್‌ಬರೊದ ಏಡ್ರಿಯನ್ ಬರ್ಡ್‌ರ ತಂಡವು ವ್ಯಾಧಿ ಬಲಿತ ಇಲಿಗಳಲ್ಲಿ ಜೀನನ್ನು ಮತ್ತೆ ಚಾಲನೆಗೆ ತಂದಾಗ ಅವು ಚೇತರಿಸಿಕೊಂಡವು. ಈ ವ್ಯಾಧಿಯಲ್ಲಿ ನರಕೋಶಗಳು ಸಾಯುವುದಿಲ್ಲ. ಬತ್ತಿ ತಗ್ಗಿಸಿದ ದೀಪದಂತೆ ಉಳಿದಿರುತ್ತವೆ. 2023ರ ಮಾರ್ಚಿಯಲ್ಲಿ ಟ್ರೋಫಿನೆಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಮಿದುಳಿನ ಉರಿಯೂತವನ್ನು ತಗ್ಗಿಸಿ ನರಸಂಧಿಗಳಿಗೆ ಬಲ ಕೊಡುತ್ತದೆಂಬ ಎಣಿಕೆಯಿದೆ. ಲಕ್ಷಣಗಳು ಸ್ವಲ್ಪ ಸುಧಾರಿಸುತ್ತವೆ, ಮೂಲವ್ಯಾಧಿ ಹೋಗುವುದಿಲ್ಲ, ಹಲವರಿಗೆ ಭೇದಿಯಾಗುತ್ತದೆ, ಬೆಲೆಯಂತೂ ನಮ್ಮ ಕೇರಿಯವರು ಕೇಳುವಂಥದಲ್ಲ. ಸದ್ಯಕ್ಕೆ ಕೈಗೆಟುಕುವುದು ಬೆನ್ನು ಬಾಗದಂತೆ ಅಂಗಸಾಧನೆ, ಮೂರ್ಛೆಗೆ ಔಷಧ, ಮತ್ತು ನೋಟದಿಂದಲೇ ನಡೆಯುವ ಮಾತುಕತೆ. ಈ ಹುಡುಗಿಯರು ಮಾತಾಡದಿದ್ದರೂ ಕಣ್ಣಿನಿಂದ ಬೇಕಾದುದನ್ನು ಆರಿಸಬಲ್ಲರು: ಎದುರಿಗೆ ಹಾಲಿನ ಲೋಟವನ್ನೂ ನೀರಿನ ಲೋಟವನ್ನೂ ಹಿಡಿದು, ಅವಸರಪಡದೆ, ಅವಳ ದೃಷ್ಟಿ ಯಾವುದರ ಮೇಲೆ ನಿಲ್ಲುವುದೆಂದು ಕಾಯಬೇಕು.